ಚೆನ್ನಾಗಿ ನೋಡಿಕೊಂಡ ಸಿಸ್ಟರ್ ಫೋನ್ ನಂಬರ್ ಯಾಕೆ ಕೊಡಲಿಲ್ಲ?

ಓದುಗರ ಪ್ರಶ್ನೆ: ಅಮ್ಮ ಶಿವಮೊಗ್ಗದ ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ವಾರ ಇದ್ದರು. ಒಬ್ಬ ಸಿಸ್ಟರ್ ಹೆತ್ತ ಮಗಳ ಹಾಗೆ ನೋಡಿಕೊಂಡರು. ಡಿಸ್ಚಾರ್ಜ್ ದಿನ ನಮ್ಮ ಮನೆಯ ಜೇನುತುಪ್ಪ ಕೊಡಲು ಹೋದರೆ ಬೇಡ ಅಂದರು. ಫೋನ್ ನಂಬರ್ ಕೇಳಿದರೆ ನಕ್ಕು ಸುಮ್ಮನಾದರು. ಅಮ್ಮನಿಗೆ ತುಂಬ ಬೇಜಾರಾಗಿದೆ. ನಮ್ಮಿಂದ ಏನಾದರೂ ತಪ್ಪಾಯಿತಾ?

ಉತ್ತರ: ತಪ್ಪೇನೂ ಆಗಿಲ್ಲ. ಹೊಸನಗರ, ತೀರ್ಥಹಳ್ಳಿ, ಸಾಗರ ಕಡೆಯಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ನಮ್ಮಲ್ಲಿ ಮನೆಗೆ ಬಂದವರು ಒಂದು ಲೋಟ ಕಾಫಿ ಬೇಡ ಅಂದರೂ ಮುಖ ಸಣ್ಣದಾಗುತ್ತದೆ. ಇನ್ನು ಜೇನು ಬೇಡ ಅಂದರೆ ಕೇಳಬೇಕಾ? ಆದರೆ ನಾನೂ ವರ್ಷಗಟ್ಟಲೆ ವಾರ್ಡಿನಲ್ಲಿ ಡ್ಯೂಟಿ ಮಾಡಿದವಳು. ಆ ಸಿಸ್ಟರ್ ಕೊನೇ ದಿನ ಮಾಡಿದ್ದೂ ಅವರ ಕೆಲಸದ ಭಾಗವೇ ಎಂದು ನನಗೆ ಅನಿಸುತ್ತದೆ. ಸ್ವಲ್ಪ ಪಕ್ಷಪಾತ ಇದ್ದರೆ ಇರಲಿ.

ನರ್ಸಿಂಗ್ ಓದುವವರಿಗೆಲ್ಲ ಹಿಲ್ಡೆಗಾರ್ಡ್ ಪೆಪ್ಲೋ ಎಂಬ ಹೆಸರು ಗೊತ್ತಿರುತ್ತದೆ. ಅಮೆರಿಕದ ನರ್ಸ್, ಮನೋರೋಗಿಗಳ ಜೊತೆ ಕೆಲಸ ಮಾಡಿದವರು. ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವೇ ಚಿಕಿತ್ಸೆಯ ಒಂದು ದೊಡ್ಡ ಭಾಗ ಎಂದು 1952ರಲ್ಲಿ ಪುಸ್ತಕ ತಂದರು. ಬರೆದು ಮುಗಿಸಿದ್ದು 1948ರಲ್ಲೇ. ಡಾಕ್ಟರ ಹೆಸರು ಜೊತೆಗಿಲ್ಲದೆ ನರ್ಸ್ ಒಬ್ಬಳೇ ಪುಸ್ತಕ ಬರೆಯುವುದು ಆಗಿನವರಿಗೆ ಜಾಸ್ತಿಯಾಯಿತು, ಅದಕ್ಕೇ ನಾಲ್ಕು ವರ್ಷ ತಡ! ಆ ಸಂಬಂಧಕ್ಕೆ ಶುರು ಇದೆ, ಕೆಲಸ ನಡೆಯುವ ಕಾಲ ಇದೆ, ಮುಗಿಯುವ ಕಾಲವೂ ಇದೆ ಎಂದರು ಪೆಪ್ಲೋ. ಹಾಸಿಗೆ ಹಿಡಿದವರು ನರ್ಸ್‌ನಲ್ಲಿ ತಾಯಿಯನ್ನೋ ಮಗಳನ್ನೋ ಕಾಣುವುದು ಸಹಜ, ನರ್ಸ್ ಅದನ್ನು ಅರಿತುಕೊಂಡು ಕೆಲಸ ಮಾಡಬೇಕು ಎಂದೂ ಹೇಳಿದರು. ರೋಗಿ ಹುಷಾರಾಗುತ್ತಾ ಬಂದಂತೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕಲ್ವಾ? ಸಿಸ್ಟರ್ ಇಲ್ಲದಿದ್ದರೆ ಆಗುವುದೇ ಇಲ್ಲ ಎಂಬ ಹಾಗೆ ಮನೆಗೆ ಹೋದರೆ ಕೆಲಸ ಅರ್ಧಕ್ಕೇ ನಿಂತ ಹಾಗೆ.

ವಾರ್ಡಿನಲ್ಲಿ ಇದು ಹೇಗೆ ನಡೆಯುತ್ತದೆ ನೋಡಿ. ಅಡಿಕೆ ಕೊಯ್ಲಿನ ಕಾಲದಲ್ಲಿ ಮರದಿಂದ ಬಿದ್ದವರು ಆಸ್ಪತ್ರೆಗೆ ಬರುತ್ತಾರೆ. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಕಾಲಿನ ಸ್ವಾಧೀನ ಹೋಗಿರುತ್ತದೆ. ಮೂತ್ರಕ್ಕೆ ಪೈಪ್ ಹಾಕಿರುತ್ತಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿನಲ್ಲಿ, ಸೊಂಟದಲ್ಲಿ ಹುಣ್ಣಾಗುತ್ತದೆ. ಎತ್ತರದ ಮರದ ತುದಿಯಲ್ಲಿ ಕೂತು ಪಕ್ಕದ ಮರಕ್ಕೆ ಜೀಕಿ ದಾಟುತ್ತಿದ್ದ ಮನುಷ್ಯ, ಮಗಳ ವಯಸ್ಸಿನ ಹುಡುಗಿ ಮೈ ಒರೆಸಲು ಬಂದರೆ ಗೋಡೆ ಕಡೆ ಮುಖ ತಿರುಗಿಸಿಬಿಡುತ್ತಾನೆ. ಅವಳು ಮೊದಲು ಪರದೆ ಎಳೆಯುತ್ತಾಳೆ. ಏನು ಮಾಡುತ್ತೇನೆ ಎಂದು ಮುಂಚೆಯೇ ಹೇಳುತ್ತಾಳೆ. ಬೇಕಾದಷ್ಟು ಭಾಗದ ಹೊದಿಕೆ ಮಾತ್ರ ಸರಿಸುತ್ತಾಳೆ. ಆಮೇಲೆ, "ಈ ಸಲ ನಿಮ್ಮ ಕಡೆ ಅಡಿಕೆಗೆ ಕೊಳೆ ರೋಗ ಜಾಸ್ತಿ ಇತ್ತಾ ಅಣ್ಣ?" ಅಂತ ಕೇಳುತ್ತಾಳೆ. ಮೊದಲ ಉತ್ತರ ಗೋಡೆಗೇ ಹೋಗುತ್ತದೆ. ಬೋರ್ಡೋ ಔಷಧಿ ಎರಡು ಸಲ ಹೊಡೆದರೂ ಮಳೆ ಬಿಡಲಿಲ್ಲ ಎಂಬಲ್ಲಿಗೆ ಬರುವಾಗ ಮುಖ ಇತ್ತ ತಿರುಗಿರುತ್ತದೆ, ಹಾಸಿಗೆಯ ಬಟ್ಟೆಯೂ ಬದಲಾಗಿರುತ್ತದೆ.

ಅಡಿಕೆ ಮಾತು ಸುಮ್ನೆ ಹರಟೆಯಲ್ಲ. ಆತ ಮಾತಾಡುವಾಗ ಅವಳು ಸೊಂಟದ ಹಿಂದೆ ಚರ್ಮ ಕೆಂಪಾಗಿದೆಯಾ ಅಂತ ನೋಡುತ್ತಿರುತ್ತಾಳೆ. ಉಸಿರು ಕಟ್ಟುತ್ತಿದೆಯಾ, ಮಾತು ತೊದಲುತ್ತಿದೆಯಾ, ನಿನ್ನೆಗಿಂತ ಮಂಕಾಗಿದ್ದಾನಾ ಅಂತಲೂ ಗಮನಿಸುತ್ತಾಳೆ. ಪೈಪಿನ ಚೀಲದಲ್ಲಿ ಎಷ್ಟು ಮೂತ್ರ ಇದೆ, ಬಣ್ಣ ಹೇಗಿದೆ ನೋಡಿ ಬರೆದುಕೊಳ್ಳುತ್ತಾಳೆ. ಹೀಗೆ ದಿನಾ ಮಾತಾಡಿಸಿದ್ದರಿಂದಲೇ ಒಂದು ರಾತ್ರಿ ಆತ ಬಾಯಿ ಬಿಡುತ್ತಾನೆ: "ಇನ್ನು ಬದುಕಿ ಏನು ಮಾಡಲಿ ಸಿಸ್ಟರ್? ಇದನ್ನ ಯಾರಿಗೂ ಹೇಳಬೇಡಿ." ಅವಳು ಗೆಳತಿಯಾಗಿದ್ದರೆ ಆಯಿತು ಅಂದುಬಿಡಬಹುದಿತ್ತು. ನರ್ಸ್ ಆದವಳು ಹಾಗೆ ಮಾತು ಕೊಡುವಂತಿಲ್ಲ. "ಇದನ್ನ ಡಾಕ್ಟರಿಗೆ ಹೇಳಲೇಬೇಕು ಅಣ್ಣ, ನಿಮ್ಮ ಒಳ್ಳೇದಕ್ಕೇ" ಅಂತ ಅವನ ಮುಖ ನೋಡಿಯೇ ಹೇಳುತ್ತಾಳೆ. ಕೇಸ್ ಶೀಟಿನಲ್ಲಿ ಬರೆಯುತ್ತಾಳೆ, ಬೆಳಗಿನ ಡ್ಯೂಟಿಯವರಿಗೂ ತಿಳಿಸಿ ಹೋಗುತ್ತಾಳೆ. ಆತ ಎರಡು ದಿನ ಮುನಿಸಿಕೊಳ್ಳಬಹುದು. ಅವಳಿಗೂ ಕಷ್ಟವೇ.

ರೋಗಿಗಳು ನರ್ಸ್‌ಗಳನ್ನು ಕೇಳುವ ಪ್ರಶ್ನೆಗಳೂ ಇವೆ. ಯಾವೂರು? ಮದುವೆ ಆಗಿದೆಯಾ? ಸಂಬಳ ಎಷ್ಟು? ಸ್ವಲ್ಪ ಹೊತ್ತಿಗೆ, "ನೀವು ಯಾವ ಜನ?" ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲದಿರಬಹುದು, ಮಲೆನಾಡಿನಲ್ಲಿ ಪರಿಚಯ ಶುರುವಾಗುವುದೇ ಹಾಗೆ. ಆದರೆ ಉತ್ತರ ಸಿಕ್ಕ ಕೂಡಲೇ ಸಿಸ್ಟರ್ "ನಮ್ಮವಳು" ಅಥವಾ "ಅವರ ಪೈಕಿ" ಆಗಿಬಿಡುತ್ತಾಳೆ. ಆಗ ಪಕ್ಕದ ಹಾಸಿಗೆಯವರಿಗೆ ಅನುಮಾನ: ಅವರಿಗೆ ಮೊದಲು ಡ್ರೆಸ್ಸಿಂಗ್ ಮಾಡಿದ್ದು ಯಾಕೆ? ಅದಕ್ಕೇ ಅನುಭವ ಇರುವ ನರ್ಸ್‌ಗಳು "ಆಸ್ಪತ್ರೆಯೇ ನಮ್ಮೂರು" ಎಂದು ನಕ್ಕು ಮಾತು ಬದಲಿಸುತ್ತಾರೆ. ಕೇಂದ್ರ ಸರ್ಕಾರದ ಲೆಕ್ಕದ ಪ್ರಕಾರ ಸಾಮಾನ್ಯ ವಾರ್ಡಿನಲ್ಲಿ 6 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು, ಐಸಿಯುನಲ್ಲಿ ಒಬ್ಬರಿಗೆ ಒಬ್ಬರು. ನಮ್ಮ ವಾರ್ಡುಗಳಲ್ಲಿ 6 ರೋಗಿಗಳಿಗೆ ಒಬ್ಬರು ಸಿಕ್ಕರೆ ಅವತ್ತು ಹಬ್ಬ. ಇಷ್ಟು ಜನರ ನಡುವೆ ಒಬ್ಬರಿಗೆ ಜಾಸ್ತಿ ಹತ್ತಿರವಾದರೆ ಇನ್ನೊಬ್ಬರಿಗೆ ಕಡಿಮೆ ಬೀಳುತ್ತದೆ.

ಇಷ್ಟವಾದವರನ್ನು ನೋಡಿಕೊಳ್ಳುವುದು ಸುಲಭ. ಬೈಯುವವರನ್ನು? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆಗೆ ಇವತ್ತಿಗೂ ಅದಕ್ಕೇ ಅಂತ ಔಷಧಿ ಇಲ್ಲ. ಜ್ವರ, ನೀರಿನ ಅಂಶ, ರಕ್ತಸ್ರಾವ ನೋಡಿಕೊಳ್ಳುತ್ತಾ ರೋಗಿಯನ್ನು ದಾಟಿಸಬೇಕು. ಅದರ ಬಹುಪಾಲು ನರ್ಸ್‌ಗಳ ಕೈಯಲ್ಲೇ ಇರುತ್ತದೆ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಬರುತ್ತದೆ. ಆಗ ವಿಪರೀತ ತಲೆನೋವು, ಕೈ ನಡುಕ, ಮನಸ್ಸಿಗೆ ಗಲಿಬಿಲಿ. ನಿನ್ನೆ "ಮಗಾ" ಅಂದವರೇ ಇವತ್ತು ಡ್ರಿಪ್ ಕಿತ್ತು ಕೂಗಾಡಬಹುದು. ಆ ಬೈಗುಳವನ್ನು ನರ್ಸ್ ಮನಸ್ಸಿಗೆ ಹಚ್ಚಿಕೊಂಡರೆ ನಾಳೆ ಆ ಹಾಸಿಗೆ ಹತ್ತಿರ ಹೋಗಲು ಕಾಲೇ ಬರುವುದಿಲ್ಲ.

ಇನ್ನು ಉಡುಗೊರೆ ವಿಷಯ. ಯಾರೂ ಏನೂ ತಗೊಳ್ಳುವುದಿಲ್ಲ ಎಂದು ನಾನು ಬರೆದರೆ ನೀವು ನಗುತ್ತೀರಿ. ಹೆರಿಗೆಯಾದ ಮೇಲೆ ಮಗು ತೋರಿಸಲು "ಖುಷಿಗೆ" ಕೇಳುವುದು, ಸ್ಟ್ರೆಚರ್ ತಳ್ಳಲು ಕೈ ಚಾಚುವುದು ಎಲ್ಲರಿಗೂ ಗೊತ್ತಿರುವುದೇ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಲಂಚ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಡಬೇಕಾಗಿ ಬಂದಿದ್ದರೆ 7 ದಿನದೊಳಗೆ ಪೊಲೀಸರಿಗೋ ಲೋಕಾಯುಕ್ತಕ್ಕೋ ದೂರು ಕೊಟ್ಟವರು ಬಚಾವ್. ನಿಮ್ಮ ಜೇನು ಲಂಚವಲ್ಲ, ಒಪ್ಪುತ್ತೇನೆ. ಆದರೆ ಇವತ್ತು ನಿಮ್ಮ ಕೈಯಿಂದ ಬಾಟಲಿ ತಗೊಂಡರೆ ನೋಡುತ್ತಿರುವ ಹತ್ತು ಹಾಸಿಗೆಯವರು ನಾಳೆ ತಾವೂ ಏನಾದರೂ ತರಬೇಕು ಅಂದುಕೊಳ್ಳುತ್ತಾರೆ. ತರಲು ಏನೂ ಇಲ್ಲದವರು ಬಿಸಿನೀರು ಕೇಳಲೂ ಹಿಂಜರಿಯುತ್ತಾರೆ. ಕೊಡಲೇಬೇಕು ಅನಿಸಿದರೆ, ವಾರ್ಡಿನ ಇನ್‌ಚಾರ್ಜ್ ಸಿಸ್ಟರನ್ನು ಕೇಳಿ, ಅವರು ಒಪ್ಪಿದರೆ ಎಲ್ಲರಿಗೂ ಹಂಚುವ ಹಾಗೆ ಒಂದು ಪ್ಯಾಕೆಟ್ ಸ್ವೀಟ್ ಕೊಡಿ.

ಫೋನ್ ನಂಬರ್ ಕೊಡದಿರುವುದಕ್ಕೆ ಕಾರಣ ಇನ್ನೂ ನೇರ. ಮನೆಗೆ ಹೋದವರು ರಾತ್ರಿ ಹನ್ನೊಂದಕ್ಕೆ ಗಾಯದ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ "ಈ ಮಾತ್ರೆ ಕೊಡಬಹುದಾ" ಅಂತ ಕೇಳುತ್ತಾರೆ. ನರ್ಸ್ ಬಳಿ ಆಗ ಕೇಸ್ ಶೀಟ್ ಇರುವುದಿಲ್ಲ, ರೋಗಿ ಕಣ್ಣೆದುರು ಇರುವುದಿಲ್ಲ. ಏನಾದರೂ ಹೇಳಿ ಹೆಚ್ಚುಕಡಿಮೆಯಾದರೆ ಯಾರು ಹೊಣೆ? ಅವರು ಮಲಗಿಬಿಟ್ಟು ಮೆಸೇಜ್ ನೋಡದೇ ಹೋದರೆ, ನೀವು ಅಷ್ಟು ಹೊತ್ತು ಕಾದಿದ್ದೇ ಅಪಾಯ. ಚಿಕ್ಕ ವಯಸ್ಸಿನ ನರ್ಸ್‌ಗಳಿಗೆ ಬೇರೆ ಕಾಟವೂ ಇದೆ, ಬಿಡಿಸಿ ಹೇಳಬೇಕಿಲ್ಲ. ಸಂಶಯ ಬಂದರೆ 104ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಆರೋಗ್ಯ ಸಹಾಯವಾಣಿ. ತುರ್ತಾದರೆ 108. ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416. ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ, ನಮ್ಮ ಕಡೆ ಅದೂ ಮಾಮೂಲಿ ಅಲ್ವಾ, ಊರಿನ ಆಶಾ ಕಾರ್ಯಕರ್ತೆಗೆ ಡಿಸ್ಚಾರ್ಜ್ ಚೀಟಿ ಮೊದಲೇ ತೋರಿಸಿಟ್ಟಿರಿ.

"ನಮ್ಮೂರಿನ ಸಬ್ ಸೆಂಟರ್ ಸಿಸ್ಟರ್ ಮನೆಗೆ ಬಂದರೆ ಕಾಫಿ ಕುಡಿದೇ ಹೋಗುತ್ತಾರಲ್ಲ?" ಎಂದು ನೀವು ಕೇಳಬಹುದು. ಹೌದು, ಅವರ ಕಷ್ಟವೇ ಬೇರೆ. ಅದೇ ಊರಲ್ಲಿ ಮನೆ, ಅದೇ ಬಸ್ಸು, ಅದೇ ಶಾಲೆಗೆ ಮಕ್ಕಳು. ನಂಬರ್ ಎಲ್ಲರ ಬಳಿಯೂ ಇರುತ್ತದೆ. ಅಲ್ಲಿ ಕಾಫಿ ಕುಡಿಯದಿದ್ದರೆ ಮುಂದಿನ ಸಲ ಮಗುವಿಗೆ ಚುಚ್ಚುಮದ್ದು ಹಾಕಿಸಲು ಅತ್ತೆ ಬಾಗಿಲು ತೆಗೆಯುವುದಿಲ್ಲ! ಹಾಗಾಗಿ ಅವರು ಗೆರೆ ಎಳೆದುಕೊಳ್ಳಬೇಕಾದದ್ದು ಮಾತಿನಲ್ಲಿ. ಮೇಲಿನ ಮನೆಯಲ್ಲಿ ಯಾರಿಗೆ ಟಿಬಿ ಮಾತ್ರೆ ನಡೆಯುತ್ತಿದೆ, ಕೆಳಗಿನ ಮನೆಯ ಸೊಸೆ ಯಾಕೆ ತವರಿಗೆ ಹೋದಳು ಎಂಬುದು ಗೊತ್ತಿದ್ದೂ, ನಡುವಿನ ಮನೆಯಲ್ಲಿ ಕಾಫಿ ಕುಡಿಯುವಾಗ ಮಳೆಯ ವಿಷಯ ಮಾತ್ರ ಮಾತಾಡಬೇಕು. ಎಚ್‌ಐವಿ ಇರುವವರ ಗುಟ್ಟು ಕಾಯುವುದಕ್ಕಂತೂ 2017ರಲ್ಲಿ ಕಾಯ್ದೆಯೇ ಬಂದಿದೆ. ನನ್ನ ಪ್ರಕಾರ ಈ ಕೆಲಸ ವಾರ್ಡಿನ ಡ್ಯೂಟಿಗಿಂತ ಕಷ್ಟ. ಎಂಟು ಗಂಟೆಗೆ ಮುಗಿಯುವ ಡ್ಯೂಟಿ ಅಲ್ಲ ಅದು.

ಮುಂದೆ ಯಾವತ್ತಾದರೂ ಗಾಂಧಿ ಬಜಾರಿನಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಆ ಸಿಸ್ಟರ್ ಕಂಡು, ನಿಮ್ಮನ್ನು ನೋಡಿಯೂ ಮಾತಾಡಿಸದೆ ಹೋದರೆ ಮತ್ತೆ ಬೇಜಾರು ಮಾಡಿಕೊಳ್ಳಬೇಡಿ. ಬೇಕಂತಲೇ ಹಾಗೆ ಮಾಡುವವರಿದ್ದಾರೆ. "ಹೇಗಿದ್ದೀರಿ ಅಮ್ಮಾ, ಗಾಯ ವಾಸಿಯಾಯ್ತಾ?" ಅಂತ ಅವರಾಗಿಯೇ ಕೇಳಿದರೆ, ಜೊತೆಯಲ್ಲಿರುವ ಬೀಗರಿಗೆ ಇಲ್ಲದ ಸುದ್ದಿ ಸಿಕ್ಕಿತಲ್ಲ! ಅಮ್ಮನೇ ಮೊದಲು ಮಾತಾಡಿಸಲಿ, ಖಂಡಿತ ನಿಂತು ಮಾತಾಡುತ್ತಾರೆ. ಹೆಸರು ನೆನಪಿಲ್ಲದಿರಬಹುದು, ಅಷ್ಟೆ.

ಅವರಿಗೆ ನಿಜವಾಗಿ ಉಪಯೋಗಕ್ಕೆ ಬರುವುದನ್ನು ಕೊಡಬೇಕೆಂದರೆ ಒಂದು ಪತ್ರ ಬರೆಯಿರಿ. ನರ್ಸಿಂಗ್ ಸೂಪರಿಂಟೆಂಡೆಂಟ್ ಹೆಸರಿಗೆ, ಕನ್ನಡದಲ್ಲೇ, ಅರ್ಧ ಪುಟ ಸಾಕು. "ಚೆನ್ನಾಗಿ ನೋಡಿಕೊಂಡರು" ಅಂತ ಬರೆದು ಬಿಡಬೇಡಿ, ಏನು ಮಾಡಿದರು ಅಂತ ಬರೆಯಿರಿ. ರಾತ್ರಿ ಅಮ್ಮ ಹೆದರಿದಾಗ ಪಕ್ಕದಲ್ಲಿ ಕೂತರು, ನರ ಸಿಗದೆ ಎರಡು ಸಲ ಚುಚ್ಚಿದ ಮೇಲೆ ಬೇರೆಯವರನ್ನು ಕರೆದರು, ಇಂಥದ್ದು ಏನು ನಡೆದಿತ್ತೋ ಅದು. ಆಸ್ಪತ್ರೆಗೆ ದೂರುಗಳು ಬೇಕಾದಷ್ಟು ಬರುತ್ತವೆ, ಇಂಥ ಪತ್ರ ಬರುವುದು ಅಪರೂಪ. ಸಿಸ್ಟರ್ ಹೆಸರು ಸರಿಯಾಗಿ ಗೊತ್ತಿಲ್ಲದಿದ್ದರೆ ವಾರ್ಡ್, ತಾರೀಕು, ಹಗಲೋ ರಾತ್ರಿಯೋ ಎಂಬುದನ್ನು ಬರೆಯಿರಿ. ಡ್ಯೂಟಿ ಪಟ್ಟಿ ನೋಡಿ ಅವರೇ ಹುಡುಕಿಕೊಳ್ಳುತ್ತಾರೆ.