ಮೊದಲ ಅಕ್ಷರ ನುಂಗುವ ಕೀಬೋರ್ಡ್

ಪುಸ್ತಕಗಳ ಡಿಟಿಪಿ ಮಾಡುವ ಹುಡುಗಿಯೊಬ್ಬಳು ತನ್ನ ಲಿನಕ್ಸ್ ಲ್ಯಾಪ್‌ಟಾಪನ್ನು ಕೀಬೋರ್ಡ್ ಸಮೇತ ಹೊತ್ತು ತಂದಿದ್ದಳು. "ಸರ್, ಸ್ವಲ್ಪ ಹೊತ್ತು ಪ್ರೂಫ್ ಓದಿ ಮತ್ತೆ ಟೈಪ್ ಮಾಡಿದ್ರೆ ಮೊದಲ ಅಕ್ಷರ ಬರೋದೇ ಇಲ್ಲ. ಇದು ಎರಡನೇ ಕೀಬೋರ್ಡ್" ಎಂದಳು. ನನ್ನೆದುರೇ 'ಕನ್ನಡ' ಎಂದು ಹೊಡೆದಳು. ತೆರೆಯ ಮೇಲೆ 'ನ್ನಡ' ಎಂದು ಬಂತು. ಕೂಡಲೇ ಇನ್ನೊಮ್ಮೆ ಹೊಡೆದರೆ 'ಕನ್ನಡ' ಸರಿಯಾಗಿಯೇ ಇತ್ತು.

ಕೀಬೋರ್ಡ್ ಕೆಟ್ಟಿರಲಿಲ್ಲ. ನಿದ್ದೆ ಹೋಗಿತ್ತು.

ಕಂಪ್ಯೂಟರ್ ತನಗೆ ಚುಚ್ಚಿದ ಕೀಬೋರ್ಡ್, ಮೌಸ್‌ಗಳಿಗೆ ಪ್ರತಿ 1 ಮಿಲಿಸೆಕೆಂಡಿಗೆ ಒಂದು ಸಣ್ಣ ಸಂಕೇತ ಕಳಿಸುತ್ತಲೇ ಇರುತ್ತದೆ. 3 ಮಿಲಿಸೆಕೆಂಡು ಆ ಸಂಕೇತ ನಿಂತರೆ ಸಾಧನ ಮಲಗಬೇಕು ಎಂಬುದು ಯುಎಸ್‌ಬಿ ನಿಯಮ. ಯುಎಸ್‌ಬಿ 2.0ರಲ್ಲಿ ಎಚ್ಚರವಿರುವ ಸಾಧನ 500 ಮಿಲಿಆಂಪಿಯರ್‌ವರೆಗೆ ಕರೆಂಟ್ ಎಳೆಯಬಹುದು. ಮಲಗಿದಾಗ 2.5 ದಾಟುವಂತಿಲ್ಲ. ಯಾವಾಗ ಮಲಗಿಸಬೇಕು ಎಂದು ತೀರ್ಮಾನಿಸುವುದು ಮಾತ್ರ ಆಪರೇಟಿಂಗ್ ಸಿಸ್ಟಮ್. ಸಾಧನವನ್ನು ಹೀಗೆ ಮಲಗಿಸಿ ಕರೆಂಟ್ ಉಳಿಸುವ ಈ ಉಳಿತಾಯ ಲಿನಕ್ಸ್‌ನಲ್ಲಿ ಚಾಲೂ ಇದ್ದರೆ, ಸಾಮಾನ್ಯವಾಗಿ 2 ಸೆಕೆಂಡು ಕೆಲಸವಿಲ್ಲದಿದ್ದರೆ ಸಾಕು, ಮಲಗಿಸಿಬಿಡುತ್ತದೆ.

ಎಬ್ಬಿಸುವುದೇ ಕಷ್ಟದ ಕೆಲಸ. ಕೀ ಒತ್ತಿದಾಗ ಕೀಬೋರ್ಡ್ ತಾನೇ ಎದ್ದು ಕಂಪ್ಯೂಟರನ್ನು ಕರೆಯಬೇಕು. ಕಂಪ್ಯೂಟರ್ ಕನಿಷ್ಠ 20 ಮಿಲಿಸೆಕೆಂಡು ಎಬ್ಬಿಸುವ ಸಂಕೇತ ಕೊಡುತ್ತದೆ. ಅಷ್ಟು ಹೊತ್ತು, ಒತ್ತಿದ ಕೀ ಯಾವುದೆಂದು ಕೀಬೋರ್ಡ್ ನೆನಪಿಟ್ಟುಕೊಳ್ಳಬೇಕು. ಕೆಲವು ಕೀಬೋರ್ಡ್‌ಗಳು ಇಟ್ಟುಕೊಳ್ಳುತ್ತವೆ, ಕೆಲವು ಮರೆತುಬಿಡುತ್ತವೆ. ಆ ಹುಡುಗಿಯ 'ಕ' ಹೋಗಿದ್ದು ಅಲ್ಲೇ. ಕೆಲವು ಮೌಸ್‌ಗಳಲ್ಲಾದರೆ ಒಂದು ಸಲ ಕ್ಲಿಕ್ ಮಾಡುವ ತನಕ ಬಾಣ ಅಲುಗುವುದೇ ಇಲ್ಲ.

ಇಂಥ ಹೊತ್ತಿನಲ್ಲಿ ಜಾಸ್ತಿ ಜನ ಕೊಡುವ ಸಲಹೆ, ಬೂಟ್ ಆಗುವಾಗಲೇ ಎಲ್ಲ ಸಾಧನಗಳಿಗೂ ಈ ಉಳಿತಾಯ ಬಂದ್ ಮಾಡಿ ಅಂತ. ನನಗೆ ಇದು ಸರಿ ಕಾಣುವುದಿಲ್ಲ. ಒಂದು ಸಾಧನ ಸುಮ್ನೆ ಎಚ್ಚರವಿದ್ದರೂ, ಯುಎಸ್‌ಬಿ ಪೋರ್ಟ್‌ಗಳನ್ನು ನೋಡಿಕೊಳ್ಳುವ ಕಂಟ್ರೋಲರ್ ಚಿಪ್ ಮಲಗುವುದಿಲ್ಲ. ಅದು ಮಲಗದಿದ್ದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಕೂಡ ಗಾಢ ನಿದ್ದೆಗೆ ಇಳಿಯುವುದಿಲ್ಲ. ಬ್ಯಾಟರಿಗೆ ನಿಜವಾದ ಪೆಟ್ಟು ಬೀಳುವುದು ಇಲ್ಲಿ. ತೊಂದರೆ ಕೊಡುವ ಸಾಧನ ಯಾವುದೋ ಅದೊಂದನ್ನೇ ಎಚ್ಚರವಿಡಬೇಕು, ಅಲ್ವಾ?

ಲಿನಕ್ಸ್‌ನಲ್ಲಿ ಪ್ರತಿ ಯುಎಸ್‌ಬಿ ಸಾಧನಕ್ಕೂ 'ಪವರ್' ಎಂಬ ಫೋಲ್ಡರ್, ಅದರೊಳಗೆ 'ಕಂಟ್ರೋಲ್' ಎಂಬ ಫೈಲ್ ಇರುತ್ತದೆ. ಅದರಲ್ಲಿ 'ಆಟೋ' ಎಂದಿದ್ದರೆ ಮಲಗಲು ಅನುಮತಿ ಇದೆ, 'ಆನ್' ಎಂದಿದ್ದರೆ ಸದಾ ಎಚ್ಚರ. ಹೆಸರು ನೋಡಿ ಉಳಿತಾಯವೇ 'ಆನ್' ಆಗಿದೆ ಎಂದು ತಿಳಿಯುವವರು ಬಹಳ. ಅರ್ಥ ತಿರುವುಮುರುವು. ನಾನು ಅವಳ ಕೀಬೋರ್ಡಿನ ತಯಾರಕ ಸಂಖ್ಯೆ, ಮಾದರಿ ಸಂಖ್ಯೆ ನೋಡಿಕೊಂಡು, ಅದನ್ನು ಚುಚ್ಚಿದಾಗಲೆಲ್ಲ 'ಆನ್' ಆಗುವಂತೆ ಯುಡೆವ್‌ನಲ್ಲಿ (ಸಾಧನ ಚುಚ್ಚಿದಾಗ ಏನು ಮಾಡಬೇಕೆಂದು ನೋಡಿಕೊಳ್ಳುವ ಲಿನಕ್ಸ್‌ನ ಭಾಗ) ಒಂದು ಸಾಲಿನ ನಿಯಮ ಬರೆದು ಕಳಿಸಿದೆ.

ಮರುದಿನ ಬೆಳಿಗ್ಗೆ ಫೋನ್. "ಸರ್, ಮತ್ತೆ 'ನ್ನಡ'."

ತಪ್ಪು ನನ್ನದೇ. ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡಿ ನೋಡಿರಲಿಲ್ಲ. ಯಾರೋ ಹಿಂದೆ ಬ್ಯಾಟರಿ ಉಳಿಸುವ ಒಂದು ತಂತ್ರಾಂಶವನ್ನು ಸ್ಟಾರ್ಟಪ್‌ನಲ್ಲಿ ಹಾಕಿಟ್ಟಿದ್ದರು. ನನ್ನ ನಿಯಮ 'ಆನ್' ಬರೆದ ಮೇಲೆ ಅದು ಬಂದು ಎಲ್ಲವನ್ನೂ 'ಆಟೋ' ಮಾಡುತ್ತಿತ್ತು. ಅದನ್ನು ತೆಗೆದು, ಬ್ಯಾಟರಿ ಉಳಿಸುವ ಇನ್ನೊಂದು ತಂತ್ರಾಂಶ ಟಿಎಲ್‌ಪಿ ಹಾಕಿದೆ. ಕೀಬೋರ್ಡ್, ಮೌಸ್‌ಗಳ ತಂಟೆಗೆ ಅದು ಹೋಗುವುದಿಲ್ಲ. ಬೇರೆ ಸಾಧನವನ್ನೂ ಬಿಡಬೇಕೆಂದರೆ ಅದರ ಸಂಖ್ಯೆಯನ್ನು ಹೊರಗಿಡುವ ಪಟ್ಟಿಗೆ ಸೇರಿಸಿದರಾಯಿತು.

ವಿಂಡೋಸ್‌ನವರಿಗೆ ಇದು ಡಿವೈಸ್ ಮ್ಯಾನೇಜರ್‌ನಲ್ಲಿ ಸಿಗುತ್ತದೆ. ಸಾಧನದ ಅಥವಾ ಅದು ಕೂತಿರುವ ಯುಎಸ್‌ಬಿ ಹಬ್‌ನ ಪ್ರಾಪರ್ಟೀಸ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ ಕರೆಂಟ್ ಉಳಿಸಲು ಅದನ್ನು ಆಫ್ ಮಾಡಲು ಬಿಡುವ ಟಿಕ್ ತೆಗೆಯಿರಿ. ಬೆರಳಚ್ಚು ಓದುವ ಯಂತ್ರ ಬೆಳಿಗ್ಗೆ ಚೆನ್ನಾಗಿದ್ದು, ಊಟ ಮುಗಿಸಿ ಬರುವಷ್ಟರಲ್ಲಿ ಮಾತು ಕೇಳದಿದ್ದರೆ ಮೊದಲು ಇಲ್ಲಿ ನೋಡಿ.

ಆದರೆ ಕೆಲಸ ನಡೆಯುತ್ತಿರುವಾಗಲೇ ಸಾಧನ ಕಳಚಿಕೊಂಡರೆ ಅದು ನಿದ್ದೆಯಲ್ಲ. ಕೇಬಲ್ ಬದಲಿಸಿ, ಬೇರೆ ಪೋರ್ಟ್‌ಗೆ ಚುಚ್ಚಿ ನೋಡಿ. ಕಾಪಿ ಆಗುತ್ತಿರುವ ಹಾರ್ಡ್‌ಡಿಸ್ಕ್ ಹಾಗೆ ಕಳಚಿಕೊಂಡರೆ ಸೆಟ್ಟಿಂಗ್ಸ್ ಹುಡುಕುತ್ತಾ ಕೂರಬೇಡಿ. ಮೊದಲು ಅದರಲ್ಲಿರುವುದನ್ನು ಬೇರೆ ಕಡೆ ಇಳಿಸಿಕೊಳ್ಳಿ.

ಆ ಹುಡುಗಿ ಮೂಲೆಗೆ ಹಾಕಿದ್ದ ಹಳೇ ಕೀಬೋರ್ಡನ್ನೂ ತರಿಸಿ ನೋಡಿದೆ. ಐದು ನಿಮಿಷ ಬಿಟ್ಟು ಹೊಡೆದಳು. 'ಕನ್ನಡ' ಪೂರ್ತಿ ಬಂತು.