ಗಾಯ ಕುತ್ತಿಗೆಯಲ್ಲಿ, ರಕ್ತ ಎದೆಯಲ್ಲಿ: ಎಲ್ಲಿಂದ ತೆರೆಯಬೇಕು?

ಕುತ್ತಿಗೆಯ ಬುಡದಲ್ಲಿ ಚಿಕ್ಕ ಇರಿತದ ಗಾಯ. ಹೊರಗೆ ರಕ್ತ ಜಾಸ್ತಿ ಇಲ್ಲ. ಆದರೆ ಬಿಪಿ ಇಳಿಯುತ್ತಿದೆ, ಅದೇ ಬದಿಯ ಎದೆಯಲ್ಲಿ ಉಸಿರಿನ ಸದ್ದು ಕೇಳುತ್ತಿಲ್ಲ. ಹಾಗಿದ್ದರೆ ರಕ್ತ ಪ್ಲೂರಾದೊಳಗೆ (ಶ್ವಾಸಕೋಶದ ಸುತ್ತಲಿನ ಪೊರೆಯ ಜಾಗಕ್ಕೆ) ಇಳಿಯುತ್ತಿರಬಹುದು. ಶ್ವಾಸಕೋಶದ ತುದಿ ಕಾಲರ್ ಮೂಳೆಗಿಂತ 2–3 ಸೆಂ.ಮೀ. ಮೇಲಿರುತ್ತದೆ. ಸಬ್‌ಕ್ಲೇವಿಯನ್ ನಾಳಗಳು (ಕಾಲರ್ ಮೂಳೆಯ ಅಡಿಯಲ್ಲಿ ಸಾಗುವ, ಕೈಯ ದೊಡ್ಡ ರಕ್ತನಾಳಗಳು) ಅದಕ್ಕೆ ಅಂಟಿದಂತೆಯೇ ಹಾದುಹೋಗುತ್ತವೆ. ಕ್ರಿಕಾಯ್ಡ್‌ನಿಂದ (ಧ್ವನಿಪೆಟ್ಟಿಗೆಯ ಕೆಳತುದಿಯ ಉಂಗುರದಿಂದ) ಕೆಳಗಿನ ಈ ಭಾಗವನ್ನೇ ಜೋನ್ 1 ಅನ್ನುವುದು.

ಮೊದಲು ಉಸಿರಿನ ದಾರಿ, ಆಮೇಲೆ ಚೆಸ್ಟ್ ಟ್ಯೂಬ್ (ಎದೆಯೊಳಗಿನ ರಕ್ತ ಹೊರತೆಗೆಯುವ ಕೊಳವೆ). ಹಾಕಿದ ಕೂಡಲೇ 1500 ಮಿ.ಲೀ.ಗಿಂತ ಹೆಚ್ಚು ರಕ್ತ ಬಂದರೆ, ಅಥವಾ ಗಂಟೆಗೆ 200 ಮಿ.ಲೀ.ನಂತೆ 2–4 ಗಂಟೆ ಬರುತ್ತಲೇ ಇದ್ದರೆ, ಆಪರೇಷನ್‌ಗೆ ಹೊರಡಬೇಕು. ಟ್ಯೂಬ್‌ನಲ್ಲಿ ರಕ್ತ ನಿಂತಿತು ಅಂತ ಸುಮ್ನೆ ಕೂರಬೇಡಿ. ಹೆಪ್ಪುಗಟ್ಟಿ ಟ್ಯೂಬೇ ಕಟ್ಟಿಕೊಂಡಿರಬಹುದು. ಗಾಯವನ್ನು ಕೆದಕಬಾರದು. ಡ್ರಿಪ್ ಆ ಬದಿಯ ಕೈಗೆ ಬೇಡ. ಅಲ್ಲಿನ ಸಬ್‌ಕ್ಲೇವಿಯನ್ ವೇನ್ (ಅಭಿಧಮನಿ) ಹರಿದಿದ್ದರೆ ಕೊಟ್ಟ ರಕ್ತವೆಲ್ಲ ಎದೆಗೇ ಸೋರುತ್ತದೆ. ಹೊರಗೂ ರಕ್ತ ಚಿಮ್ಮುತ್ತಿದ್ದು ಒತ್ತಿದರೂ ನಿಲ್ಲದಿದ್ದರೆ, ಗಾಯದೊಳಗೆ ಫೋಲಿ ಕ್ಯಾಥೆಟರ್ (ತುದಿಯಲ್ಲಿ ಬಲೂನ್ ಇರುವ ಮೂತ್ರದ ಕೊಳವೆ) ಇಟ್ಟು ಬಲೂನ್ ಉಬ್ಬಿಸುವುದು ಒಳ್ಳೆಯ ಉಪಾಯ. ಥಿಯೇಟರ್ ತಲುಪುವಷ್ಟು ಸಮಯ ಸಿಗುತ್ತದೆ.

ಈಗ ಈ ವಿಷಯದ ತಿರುಳು. ನಾಳ ಹರಿದ ಜಾಗಕ್ಕೆ ನೇರ ಕೈ ಹಾಕುವ ಮೊದಲು, ಹೃದಯದ ಕಡೆಯಿಂದ ಬರುವ ರಕ್ತವನ್ನು ತಡೆಯಬೇಕು. ಅದಕ್ಕೆ ಎದೆಯನ್ನು ಎಲ್ಲಿ ತೆರೆಯಬೇಕು ಅನ್ನುವುದು ಬದಿಯ ಮೇಲೆ ನಿಂತಿದೆ. ಬಲಗಡೆ ಸಬ್‌ಕ್ಲೇವಿಯನ್ ಅಪಧಮನಿ ಹುಟ್ಟುವುದು ಇನ್ನಾಮಿನೇಟ್ ಅಪಧಮನಿಯಿಂದ (ಅಯೋರ್ಟಾ ಎಂಬ ಮಹಾಪಧಮನಿಯ ಕಮಾನಿನ ಮೊದಲ ಕವಲು). ಅದು ಮುಂದೆಯೇ ಇದೆ, ಹಾಗಾಗಿ ಮೀಡಿಯನ್ ಸ್ಟರ್ನಾಟಮಿ (ಎದೆಮೂಳೆಯನ್ನು ನಡುವೆ ಸೀಳಿ ತೆರೆಯುವುದು) ಸಾಕು. ಬೇಕಿದ್ದರೆ ಅದನ್ನೇ ಕುತ್ತಿಗೆಗೋ ಕಾಲರ್ ಮೂಳೆಯ ಮೇಲಕ್ಕೋ ಮುಂದುವರಿಸಬಹುದು. ಎಡಗಡೆಯದು ನೇರ ಅಯೋರ್ಟಾದ ಕಮಾನಿನಿಂದ, ಅದೂ ಹಿಂದೆ ಆಳದಲ್ಲಿ ಹುಟ್ಟುತ್ತದೆ. ಸ್ಟರ್ನಾಟಮಿಯಿಂದ ಅದರ ಬುಡ ಸಿಗುವುದು ಕಷ್ಟ. ಅದಕ್ಕೇ ಎಡ 3ನೇ ಪಕ್ಕೆಲುಬಿನ ಕೆಳಗಿನ ಸಂದಿಯಲ್ಲಿ ಮುಂದಿನಿಂದ ಥೊರಾಕಾಟಮಿ (ಪಕ್ಕೆಲುಬುಗಳ ನಡುವೆ ಎದೆ ತೆರೆಯುವುದು) ಮಾಡಿ ಬುಡಕ್ಕೆ ಕ್ಲ್ಯಾಂಪ್ ಹಾಕುತ್ತಾರೆ. ರಿಪೇರಿಗೆ ಕಾಲರ್ ಮೂಳೆಯ ಬಳಿ ಬೇರೆ ಕಟ್. ಚಿತ್ರ ಬರೆದು ನೋಡಿ, ತಕ್ಷಣ ಅರ್ಥವಾಗುತ್ತದೆ.

ಸಬ್‌ಕ್ಲೇವಿಯನ್ ಅಪಧಮನಿ ತುಂಬಾ ಮೆತ್ತಗೆ, ಎಳೆದು ಹೊಲಿದರೆ ಹರಿಯುತ್ತದೆ. ಅದಕ್ಕೇ ಎಷ್ಟೋ ಸಲ ಗ್ರಾಫ್ಟ್ (ನಡುವೆ ಜೋಡಿಸುವ ಬದಲಿ ನಾಳ) ಬೇಕಾಗುತ್ತದೆ. ವೇನ್ ತೀರಾ ಹಾಳಾಗಿದ್ದರೆ ಕಟ್ಟಿಬಿಡಬಹುದು. ಪಕ್ಕದಲ್ಲೇ ಇರುವ ಬ್ರೇಕಿಯಲ್ ಪ್ಲೆಕ್ಸಸ್ (ಕೈಯ ನರಗಳ ಜಾಲ), ಫ್ರೆನಿಕ್ (ಉಸಿರಾಟದ ಸ್ನಾಯು ವಪೆಯ ನರ) ನರಗಳ ಮೇಲೆ ಕಣ್ಣಿರಲಿ. ಕುರುಡಾಗಿ ಕ್ಲ್ಯಾಂಪ್ ಹಾಕಿದರೆ ಅವೂ ಸಿಕ್ಕಿಕೊಳ್ಳುತ್ತವೆ.

ರೋಗಿ ಸ್ಥಿರವಾಗಿದ್ದರೆ ದಾರಿಯೇ ಬೇರೆ: ಮೊದಲು ಸಿಟಿ ಆಂಜಿಯೋ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್), ಸೂಕ್ತ ಗಾಯವಾದರೆ ನಾಳದ ಒಳಗಿನಿಂದಲೇ ಸ್ಟೆಂಟ್ ಗ್ರಾಫ್ಟ್ (ಹೊದಿಕೆಯಿರುವ ಜಾಲರಿ ಕೊಳವೆ).