ಪದ ಪರಿಚಯ: ಹೆಸರು ಹಚ್ಚುವುದು

ನಮ್ಮ ಕಡೆ ಮಕ್ಕಳ ಹೆಸರನ್ನು ಸಾಲಿಗೆ (ಶಾಲೆಗೆ) ಹಚ್ಚುತ್ತಾರೆ. ಬಸುರಿಯರ ಹೆಸರನ್ನು ದವಾಖಾನಿಯಲ್ಲಿ ಹಚ್ಚುತ್ತಾರೆ. ಸರಕಾರಿ ಭಾಷೆಯಲ್ಲಿ ಇದು 'ಗರ್ಭಿಣಿ ನೋಂದಣಿ'. ಆಶಾ ಕಾರ್ಯಕರ್ತೆ ಅಥವಾ ಸಿಸ್ಟರ್‌ಗೆ ತಿಳಿಸಿ, ಮೊದಲ ತಪಾಸಣೆ ಮಾಡಿಸಿಕೊಂಡು ತಾಯಿ ಕಾರ್ಡ್ ಪಡೆಯುವುದು. 12 ವಾರದೊಳಗೆ ಇದು ಆಗಬೇಕು.

ಯಾವಾಗಿನಿಂದ 12 ವಾರ? ಗೊಂದಲ ಇಲ್ಲೇ ಇರುವುದು. ಮುಟ್ಟು ತಪ್ಪಿದ ದಿನದಿಂದ ಅಲ್ಲ, ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ. ಮುಧೋಳ ಕಡೆಯ ಹಳ್ಳಿಯ ಪಡಸಾಲೆಯಲ್ಲಿ ಆಶಾ ಬಂದು ಕೂತಾಗ ಈ ಲೆಕ್ಕ ಹೀಗೆ ನಡೆದೀತು:

"ಕಡೀಕ ಮುಟ್ಟಾಗಿದ್ದು ಯಾವಾಗವ್ವಾ?"

"ಕಾರ ಹುಣ್ಣಿವಿ ಆಗಿ ಎರಡ ದಿನಕ್ಕರೀ ಅಕ್ಕಾ."

ತಾರೀಖು ಮರೆತರೂ ಹಬ್ಬ ಮರೆಯುವುದಿಲ್ಲ. ಗೋಡೆಯ ಕ್ಯಾಲೆಂಡರ್ ತಿರುವಿದರೆ ಲೆಕ್ಕ ಸಿಗುತ್ತದೆ. ನಾಗರ ಪಂಚಮಿಗೆ ಜೋಕಾಲಿ ಆಡಲು ತವರಿಗೆ ಹೋಗುವ ಹೊತ್ತಿಗೆ ಆಕೆಗೆ ಸುಮಾರು ಏಳು ವಾರ. ಗಣೇಶ ಚೌತಿಗೆ ಹನ್ನೊಂದು. ಗಣಪತಿ ಕೂತಾಗಲೂ ಹೆಸರು ಹಚ್ಚಿಲ್ಲ ಅಂದರೆ ಉಳಿದದ್ದು ಒಂದೇ ವಾರ!

ತಡ ಯಾಕಾಗುತ್ತದೆ? "ಮೂರ ತಿಂಗಳ ತುಂಬೂತನಕ ಯಾರ ಮುಂದೂ ಹೇಳಬ್ಯಾಡ, ದೃಷ್ಟಿ ಆಗ್ತೈತಿ" ಅನ್ನುವ ಅತ್ತೆಯ ಮಾತು ದೊಡ್ಡ ಕಾರಣ. ಅದನ್ನು ಸುಮ್ನೆ ಮೂಢನಂಬಿಕೆ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಗರ್ಭ ಇಳಿಯುವುದು ಜಾಸ್ತಿ ಆ ಮೂರು ತಿಂಗಳಲ್ಲೇ. ಹಾಗಾದಾಗ ಊರವರ ಬಾಯಿಗೆ ಬೀಳುವುದು ಯಾರಿಗೆ ಬೇಕು? ಆದರೆ ಊರಿಗೆ ಹೇಳುವುದು ಬೇರೆ, ಸಿಸ್ಟರ್‌ಗೆ ಹೇಳುವುದು ಬೇರೆ, ಅಲ್ವಾ?

ಕಬ್ಬಿನ ಗ್ಯಾಂಗಿನಲ್ಲಿ ಕಡಿಯುವಾಕೆ, ವಿಜಯಪುರದ ಕಡೆಯಿಂದ ಗೋವಾ, ಪುಣೆಗೆ ದುಡಿಯಲು ಹೋದಾಕೆ ಇವರದು ಬೇರೆ ಕಷ್ಟ. ಸರಕಾರಿ ದವಾಖಾನಿಯಲ್ಲಿ ತಪಾಸಣೆ ಪುಕ್ಕಟೆ, ಆದರೆ ಆ ದಿನದ ಪಗಾರ ಹೋಗುತ್ತದೆ. ಕೂಸಿಗೆ ಹಾಲು ಕುಡಿಸುವಾಗಲೇ ಬಸುರಾದವಳಿಗೆ ಕೆಲವೊಮ್ಮೆ ಮುಟ್ಟೇ ಮರಳಿರುವುದಿಲ್ಲ, ಗೊತ್ತಾಗುವುದೇ ತಡ. ಮೂರನೇ ಬಸಿರಾದರೆ "ನನಗೇನ ಹೊಸಾದ?" ಅನ್ನುವ ಧೈರ್ಯ. ಇನ್ನು ಹದಿನೆಂಟು ತುಂಬದೆ ಮದುವೆಯಾದ ಹುಡುಗಿಯನ್ನು ಕೇಸ್ ಆದೀತೆಂದು ಮನೆಯವರೇ ಬಚ್ಚಿಡುತ್ತಾರೆ. ಎಲ್ಲರಿಗಿಂತ ಮೊದಲು ತಪಾಸಣೆ ಬೇಕಾದದ್ದು ಅವಳಿಗೇ.

ರಕ್ತ ಕಡಿಮೆ ಇದೆ ಅಂತ ಮೂರನೇ ತಿಂಗಳಲ್ಲಿ ಗೊತ್ತಾದರೆ ಗುಳಿಗೆ, ಊಟದಿಂದ ಏರಿಸಲು ಸಮಯ ಇರುತ್ತದೆ. ಎಂಟರಲ್ಲಿ ಗೊತ್ತಾದರೆ ಓಡಾಟ. ಕೆಲವು ಔಷಧಿಗೆ ವಾರದ ಲೆಕ್ಕವೇ ಮುಖ್ಯ. ಆರು ದೇಶಗಳಲ್ಲಿ ಚೊಚ್ಚಲ ಬಸುರಿಯರಿಗೆ ಆರನೇ ವಾರದಿಂದ ಹದಿನಾಲ್ಕು ತುಂಬುವ ಮೊದಲು ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ಶುರು ಮಾಡಿ ನೋಡಿದರು. ಆ ಅಧ್ಯಯನದಲ್ಲಿ ನಮ್ಮ ಬೆಳಗಾವಿಯೂ ಇತ್ತು. ದಿನ ತುಂಬುವ ಮುಂಚಿನ ಹೆರಿಗೆ ಸ್ವಲ್ಪ ಕಡಿಮೆಯಾಯಿತು ಎಂಬ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. (ಡಾಕ್ಟರನ್ನು ಕೇಳದೆ ನುಂಗಬೇಡಿ ಮತ್ತೆ!) ಫೋಲಿಕ್ ಆಸಿಡ್ ಮಾತ್ರ ಬಸುರಾಗುವ ಮೊದಲೇ ಶುರುವಾದರೆ ಒಳ್ಳೆಯದು. ಮಗುವಿನ ಮಿದುಳು, ಬೆನ್ನುಹುರಿಯಾಗುವ ನಳಿಕೆ ಸರಿಯಾಗಿ ಮುಚ್ಚಿಕೊಳ್ಳಲು ಅದು ಬೇಕು, ಆ ನಳಿಕೆ ಆರನೇ ವಾರದ ಹೊತ್ತಿಗೇ ಮುಚ್ಚಿರುತ್ತದೆ, ಅಂದರೆ ಮೇಲಿನ ಲೆಕ್ಕದಲ್ಲಿ ಪಂಚಮಿಗೂ ಮುಂಚೆ.

ಗಂಡನ ಮನೆಯ ಊರಲ್ಲಿ ಹಚ್ಚಬೇಕೋ, ತವರಲ್ಲೋ ಅಂತ ಕಾಯುವವರೂ ಇದ್ದಾರೆ. ಈಗ ಎಲ್ಲಿದ್ದೀರೋ ಅಲ್ಲೇ ಹಚ್ಚಿ. ಹೆರಿಗೆಗೆ ತವರಿಗೆ ಹೋಗುವಾಗ ತಾಯಿ ಕಾರ್ಡ್ ಜೊತೆಗೆ ಒಯ್ದರಾಯಿತು.